ಕರ್ಚೀಫು ಹಾಕಿ ಹಿಡಿದ ಕಛೇರಿ

ವಾರವಿಡೀ ದುಡಿದವರಿಗೆ ಶನಿವಾರ, ಭಾನುವಾರ ಇರುವುದು ಮಲಗುವುದಕ್ಕೆ ಎಂದು ನಂಬಿ ಬದುಕುತ್ತಿರುವವಳು ನಾನು. ಸಂಗೀತಕ್ಕಾಗಿ ಊರೂರು ಸುತ್ತುವವರ ಮೇಲೆ ನನಗೆ ಬಹಳ ಗೌರವವಿದೆ. ಅದನ್ನು ಮನೆಯಲ್ಲಿ ಕೂತೇ ತೋರಿಸಬಲ್ಲೆ. ಅಂಥವಳು ಗೋವಿಂದರಾಜನಗರದಿಂದ ಬೆಳಗ್ಗೆ ಎದ್ದು, ಸೊಂಟಕ್ಕೊಂದು ದಿಂಬು ಕೊಟ್ಟುಕೊಂಡು, ಒಂದು ಕಛೇರಿ ಕೇಳಲು ಚೆನ್ನೈವರೆಗೆ ಕಾರು ಓಡಿಸಿದೆನೆಂದರೆ ಅದಕ್ಕೆ ಗಿರಿಜಾಳೇ ಕಾರಣ.

ಗಿರಿಜಾ, ಶೈಲಾ, ನಾನು ರಾಜಾಜಿನಗರದಲ್ಲಿ ಒಬ್ಬರೇ ಮೇಷ್ಟರ ಹತ್ತಿರ ಸಂಗೀತ ಕಲಿತವರು. ನಿಜ ಹೇಳಬೇಕೆಂದರೆ ಕಲಿತವಳು ಗಿರಿಜಾ, ನಾವಿಬ್ಬರೂ ಹೋಗಿ ಬಂದೆವು ಅಷ್ಟೆ. ನೆಂಟರಿಷ್ಟರಲ್ಲಿ ಯಾರ ಮನೆಯ ಗೃಹಪ್ರವೇಶವಿರಲಿ, "ಗಿರಿಜಾ, ಒಂದು ವಚನ ಹೇಳಮ್ಮ" ಎನ್ನದೆ ಎಲೆ ಹಾಕುತ್ತಿರಲಿಲ್ಲ. ಹೋದ ವರ್ಷ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟು ಹೋಯಿತು, ಜೊತೆಗೆ ಕಂಠವೂ ಹೋಯಿತು. ಮಾತಿಗೆ ಒಂದಿಷ್ಟು ಒಡಕು ದನಿ ಉಳಿದಿದೆ, ಹಾಡಿಗೆ ಏನೂ ಉಳಿದಿಲ್ಲ. ಅಂದಿನಿಂದ ಸಂಗೀತ ಕೇಳುವುದನ್ನೂ ಬಿಟ್ಟಳು. ಎಲ್ಲಾದರೂ ಹಾಡು ಶುರುವಾದರೆ ಎದ್ದು ಹೋಗುತ್ತಾಳೆ.

"ಕೇಳಿದ್ರೆ ಗಂಟ್ಲು ತಾನಾಗೇ ಏಳುತ್ತೆ ಕಣೇ. ಆಮೇಲೆ ಆಗಲ್ಲ ಅಂತ ಗೊತ್ತಾಗುತ್ತೆ," ಎಂದಿದ್ದಳು ಒಮ್ಮೆ. ನನಗೂ ಶೈಲಾಗೂ ಆವತ್ತು ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಇವಳು ನಮ್ಮಿಂದಲೂ ಎದ್ದು ಹೋಗುತ್ತಾಳೆ ಅನ್ನಿಸಿತು. ಅವಳು ಚಿಕ್ಕಂದಿನಿಂದ ಪ್ರಾಣ ಬಿಡುವ ಗಾಯಕಿಯೊಬ್ಬರು ಈಗ ವಯಸ್ಸಾಗಿ ಅಪರೂಪಕ್ಕೆ ಹಾಡುತ್ತಾರೆ. ಚೆನ್ನೈನಲ್ಲಿ ಅವರ ಕಛೇರಿಯಿತ್ತು, ಅದನ್ನೇ ನೆಪ ಮಾಡಿಕೊಂಡು ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಹೊರಟೆವು.

ಪ್ರಯಾಣದ ಸುಖವನ್ನು ಕೊಂಡಾಡಿ ಬರೆಯುವವರು ಯಾರೂ ಸ್ಟಿಯರಿಂಗ್ ಹಿಡಿದವರಲ್ಲ ಎಂಬುದು ನನ್ನ ಬಲವಾದ ಅನುಮಾನ. ಕೆಂಗೇರಿ ಹತ್ತಿರ ನೈಸ್ ರಸ್ತೆ ಹತ್ತುವಷ್ಟರಲ್ಲೇ ನನಗೆ ಸಾಕಾಗಿತ್ತು. ಶೈಲಾ ದಾವಣಗೆರೆಯವಳು. ಲಿಂಗಪೂಜೆಯಾಗದೆ ಏನನ್ನೂ ಬಾಯಿಗೆ ಹಾಕುವುದಿಲ್ಲ. ಪೂಜೆಯಾದ ಮೇಲೆ ಬಾಯಿಗೆ ಬಿಡುವೂ ಕೊಡುವುದಿಲ್ಲ. ಅತ್ತಿಬೆಲೆ ಬರುವುದರೊಳಗೆ ಖಾರ ಮಂಡಕ್ಕಿಯ ಡಬ್ಬಿ ಖಾಲಿ. ಬೋರ್ಡುಗಳ ಅಕ್ಷರ ಬದಲಾದಾಗ ಗಡಿ ದಾಟಿದ್ದು ತಿಳಿಯಿತು, ಆದರೆ ನನ್ನ ಸೊಂಟಕ್ಕೆ ಎರಡು ರಾಜ್ಯಗಳ ನಡುವೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಹಿಂದೆ ರಾಜರು ವಿದ್ವಾಂಸರನ್ನು ಪಲ್ಲಕ್ಕಿ ಕಳಿಸಿ ಅರಮನೆಗೇ ಕರೆಸಿಕೊಳ್ಳುತ್ತಿದ್ದರಂತೆ. ಅದನ್ನು ಕಲಾಪ್ರೇಮ ಎಂದು ಶಾಲೆಯಲ್ಲಿ ಓದಿದ್ದೆ. ಪಾಪ, ಅವರಿಗೂ ಸೊಂಟನೋವು ಇದ್ದಿರಬೇಕು.

ಸಭಾಂಗಣ ತಲುಪಿದಾಗ ಬಾಗಿಲು ತೆರೆದಿತ್ತು, ಒಳಗೆ ಜನ ಇರಲಿಲ್ಲ. ನಮ್ಮ ಕಡೆಯ ಯಾರೇ ಆದರೂ ಮಾಡುವುದನ್ನೇ ನಾವೂ ಮಾಡಿದೆವು. ಮುಂದಿನ ಸಾಲಿನ ಕುರ್ಚಿಗಳಿಗೆ ಕರ್ಚೀಫು ಹಾಕಿ, ನಿಶ್ಚಿಂತೆಯಿಂದ ಕ್ಯಾಂಟೀನಿಗೆ ಹೋದೆವು. ಬಸ್ಸಿನ ಕಿಟಕಿಯಲ್ಲಿ ತೂರಿಸಿದ ಕರ್ಚೀಫಿಗೆ ನಮ್ಮಲ್ಲಿ ರಿಜಿಸ್ಟರಾದ ಕ್ರಯಪತ್ರದ ಬೆಲೆ. ಟಿಕೆಟ್ಟಿನ ಮೇಲೆ ಸೀಟ್ ನಂಬರ್ ಇರುತ್ತದೆ, ಅದನ್ನೊಮ್ಮೆ ನೋಡಬೇಕು ಎಂದು ಒಬ್ಬರಿಗೂ ಹೊಳೆಯಲಿಲ್ಲ. ತಿರುಗಿ ಬಂದರೆ ನಮ್ಮ ಸಾಮ್ರಾಜ್ಯದಲ್ಲಿ ರೇಷ್ಮೆ ಸೀರೆಯ ಮಾಮಿಯರು ಕೂತಿದ್ದರು. ಕರ್ಚೀಫುಗಳು ಒಪ್ಪವಾಗಿ ಮಡಿಕೆಗೊಂಡು ವಾಲಂಟಿಯರ್ ಒಬ್ಬರ ಕೈಯಲ್ಲಿದ್ದವು. ಅವರು ನಮ್ಮನ್ನು ನೋಡಿ ಕೇಳಿದ್ದು ಒಂದೇ ಮಾತು: "ಬೆಂಗಳೂರಾ, ಮೇಡಂ?"

ನಮ್ಮ ನಿಜವಾದ ಸೀಟುಗಳು ಕಂಬದ ಹಿಂದೆ ಇದ್ದವು. ಮೊದಲಿಗೆ ಹಾಡಿದ ವರ್ಣ ಕೇಳಿದ್ದು ನೆನಪಿದೆ. ಆಮೇಲೆ ಆಲಾಪನೆಯ ನಡುವೆಲ್ಲೋ ನನಗೆ ಜೋಂಪು ಹತ್ತಿತು. ಶೈಲಾ ತಿವಿದು ಎಬ್ಬಿಸಿದಾಗ ಪಕ್ಕದ ಕುರ್ಚಿ ಖಾಲಿ. ಗಿರಿಜಾ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಳು.

"ತುಂಬಾ ಚೆನ್ನಾಗಿ ಹಾಡ್ತಾ ಇದಾರೆ. ಅದಕ್ಕೇ ಎದ್ದು ಬಂದೆ," ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಇಷ್ಟು ದೂರ ಬಂದು ನಾವು ಮಾಡಿದ್ದು ಅವಳ ಗಾಯ ಕೆದಕಿದ್ದೊಂದೇ. ಆ ರಾತ್ರಿ ಲಾಡ್ಜಿನಲ್ಲಿ ದೀಪ ಆರಿಸಿ ಬೇಗ ಮಲಗಿಬಿಟ್ಟೆವು.

ಭಾನುವಾರ ವಾಪಸು ಬರುವಾಗ ಹೊಸೂರಿನ ಹತ್ತಿರ ಗಾಡಿಗಳು ಸಾಲಾಗಿ ನಿಂತುಬಿಟ್ಟವು. ಮಧ್ಯಾಹ್ನದ ಬಿಸಿಲು, ಪಕ್ಕದಲ್ಲಿ ಶೈಲಾಳ ಗೊರಕೆ. ನನಗೂ ಕಣ್ಣು ಎಳೆಯುತ್ತಿತ್ತು. ನಿದ್ದೆ ಓಡಿಸಲು ಮೇಷ್ಟರು ಹೇಳಿಕೊಟ್ಟಿದ್ದ ಮೋಹನ ರಾಗದ ಗೀತೆಯೊಂದನ್ನು ಬಾಯಿಗೆ ಬಂದಂತೆ ಎಳೆಯತೊಡಗಿದೆ. ಬೆಳಗಿನಿಂದ ತುಟಿ ಬಿಚ್ಚದ ಗಿರಿಜಾ ಹಿಂದಿನ ಸೀಟಿನಿಂದ ಒಡಕು ದನಿಯಲ್ಲೇ ಕಿರುಚಿದಳು.

"ಅಯ್ಯೋ, ಆ ಗಾಂಧಾರನ ಕೊಲ್ಬೇಡ ಕಣೇ!"

"ಹಾಗಾದ್ರೆ ನೀನೇ ಹೇಳಿಕೊಡು."

"ನಂಗೆ ಹಾಡಕ್ಕೆ ಆಗಲ್ಲ."

"ನಂಗೂ ಆಗಲ್ಲ. ಅದಕ್ಕೇ ಹೇಳಿಕೊಡು ಅಂದೆ."

ನನ್ನ ಸೀಟಿನ ಬೆನ್ನಿಗೆ ತಾಳ ಬಿತ್ತು. "ಮೇಲೆ... ಇನ್ನೂ ಸ್ವಲ್ಪ ಮೇಲೆ... ಅಲ್ಲೇ ನಿಲ್ಲು... ದಡ್ಡಿ, ಜಾರಿಬಿಟ್ಟೆ, ಮತ್ತೆ ಹೇಳು." ಒಂದೇ ಸಾಲನ್ನು ಅದೆಷ್ಟು ಸಲ ಹಾಡಿದೆನೋ. ಅವಳ ಏಟು ನೇರ ಸೊಂಟಕ್ಕೇ ತಾಕುತ್ತಿತ್ತು, ನನ್ನ ಗಂಟಲು ಒಣಗಿತ್ತು. ಕೊನೆಗೆ ನೈಸ್ ರಸ್ತೆಯಲ್ಲಿ, ಹೇಗೋ ಏನೋ, ಗಾಂಧಾರ ಸ್ವರ ಸರಿಯಾಗಿ ಕೂತಿತು.

ತಾಳ ನಿಂತಿತು. ಹಿಂದಿನ ಸೀಟು ಮತ್ತೆ ಮೌನವಾಯಿತು. ಮನೆ ಇನ್ನೂ ದೂರವಿತ್ತು, ನನಗೋ ಉಸಿರೆತ್ತಲೂ ತ್ರಾಣವಿರಲಿಲ್ಲ. ಆದರೂ ಮೊದಲಿನಿಂದ ಶುರುಮಾಡಿ, ಅದೇ ಜಾಗದಲ್ಲಿ ಬೇಕೆಂತಲೇ ತಪ್ಪಿದೆ.