ಕರ್ಪೂರದೆಣ್ಣೆ ಹಚ್ಚಿದ ಬೆಕ್ಕು

ಮೊನ್ನೆ ಮೊಮ್ಮಗಳು ತಲೆಗೆಂದು ತಂದ ಎಣ್ಣೆಯ ಮುಚ್ಚಳ ತೆಗೆದಳು. ಕೊಬ್ಬರಿ ಎಣ್ಣೆಗೆ ಕರ್ಪೂರ ಸೇರಿದ ವಾಸನೆ... ಬಿಳಿಗೆರೆಯ ಗಾಣದಕ್ಕ ನೆನಪಾದರು.

ನಾನು ಆ ಊರಿಗೆ ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಪಕ್ಕದ ಮನೆಯಲ್ಲಿ ಎತ್ತಿನ ಗಾಣವಿತ್ತು. ಅದನ್ನು ನಡೆಸುತ್ತಿದ್ದ ಹೆಂಗಸನ್ನು ಊರೆಲ್ಲ ಗಾಣದಕ್ಕ ಎನ್ನುತ್ತಿತ್ತು. ಮಾತು ಕಡಿಮೆ, ಆಡಿದರೆ ಒರಟು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ನಮ್ಮ ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ. ನೀರು ಇಂಗಿ ಒಳಗಿನ ತಿರುಳು ಒಣಗಿ ಗಿಟುಕಾಗಿ ಅಲುಗಾಡುವವರೆಗೆ, ವರ್ಷದ ಹತ್ತಿರ, ಅವು ಅಲ್ಲೇ ಇರಬೇಕು. ಇಲಿ ಬಾರದಂತೆ ಕಾಯಲು ಒಂದು ಬೂದು ಬೆಕ್ಕಿತ್ತು. ಅಡುಗೆಮನೆಯ ಹೊಗೆ, ಅಟ್ಟದ ಧೂಳು ಸೇರಿ ಅದರ ರೋಮ ತೆಂಗಿನ ನಾರಿನಂತಾಗಿತ್ತು. ಅತ್ತೆ ಶೆಟ್ಟಿಕೆರೆಯ ಮಗಳ ಮನೆಗೆ ಹೊರಟಾಗ ಹೇಳಿದ್ದು ಒಂದೇ ಮಾತು: "ಬೆಕ್ಕು ಹುಷಾರು ಕಣೇ." ನಾನು ಹುಷಾರಾಗಿರಬೇಕೆಂದು ಹೇಳಲಿಲ್ಲ.

ಅವರು ಬರುವಷ್ಟರಲ್ಲಿ ಬೆಕ್ಕಿನ ಮೈ ಮಿರಮಿರ ಮಿಂಚಿಸಿ ಭೇಷ್ ಎನಿಸಿಕೊಳ್ಳುವ ಆಸೆ ನನಗೆ. ತವರಿನಲ್ಲಿ ಮಕ್ಕಳಿಗೆ ನೆಗಡಿಯಾದರೆ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚುತ್ತಿದ್ದರು. ಮಕ್ಕಳಿಗೆ ಆಗುವುದು ಬೆಕ್ಕಿಗೆ ಆಗದೆ? ಅಂಗೈ ತುಂಬ ಸುರಿದುಕೊಂಡು ನೆತ್ತಿಯಿಂದ ಬಾಲದವರೆಗೆ ತಿಕ್ಕಿದೆ. ಬೆಕ್ಕು ಮೂಲೆ ಸೇರಿ ಮೈಯೆಲ್ಲ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಜೊಲ್ಲು ಸುರಿಸಿ, ಕಾಲು ನಡುಗಿ, ಒರಗಿತು... ಸೆರಗಿನಲ್ಲಿ ಸುತ್ತಿಕೊಂಡು ಗಾಣದ ಮನೆಗೆ ಓಡಿದೆ.

ಅಕ್ಕ ಮೂಸಿ ನೋಡಿದರು. "ಕರ್ಪೂರ ಹಾಕಿದ್ಯೇನೇ? ಅದು ಮೈ ನೆಕ್ಕೋ ಜೀವ ಕಣವ್ವ. ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಯ್ತದೆ."

ಗಾಣ ನಿಲ್ಲಿಸಿದರು. ಕಡಲೆಹಿಟ್ಟು ಉದುರಿಸಿ ಎಣ್ಣೆ ಹೀರಿಸಿ, ಬೆಚ್ಚಗಿನ ನೀರಲ್ಲಿ ಎರಡು ಸಲ ತೊಳೆದು, ಹಳೇ ಪಂಚೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಸಂಜೆಗೆ ಬೆಕ್ಕು ಕತ್ತೆತ್ತಿತು.

"ನಿಮಗೆ ಹೆಂಗೆ ಗೊತ್ತಾಯ್ತಕ್ಕ?" ಎಂದೆ.

"ನಂದೊಂದಿತ್ತು, ಹಿಂಗೇ ಹೋಯ್ತು" ಎಂದು ಎದ್ದು ಎತ್ತಿಗೆ ನೀರು ಕುಡಿಸಲು ಹೋದರು.

ವಾರದ ಮೇಲೆ ಅವರೇ ಬಂದು, ಬರೀ ಕೊಬ್ಬರಿ ಎಣ್ಣೆ ಎರಡು ತೊಟ್ಟು ಅಂಗೈಯಲ್ಲಿ ಉಜ್ಜಿ, ಬೆಕ್ಕಿನ ಬೆನ್ನ ಮೇಲೆ ಕೈಯಾಡಿಸಿ ತೋರಿಸಿದರು. "ಕೈ ಪಸೆ ಸಾಕು. ಬೇವು, ನೀಲಗಿರಿ ಹತ್ರಕ್ಕೂ ತರಬ್ಯಾಡ." ನನ್ನ ಎಡವಟ್ಟನ್ನು ಅಕ್ಕ ಅತ್ತೆಗೆ ಕೊನೆವರೆಗೂ ಹೇಳಲಿಲ್ಲ. ಅತ್ತೆ ಊರಿಂದ ಬಂದು ಬೆಕ್ಕಿನ ಮೈ ಸವರಿ "ಪರವಾಗಿಲ್ವೇ" ಎಂದಾಗ ಗೋಡೆಯಾಚೆ ಗಾಣ ತಿರುಗುತ್ತಿತ್ತು.

ಈಗ ಆ ಗಾಣವಿಲ್ಲ. ಅಕ್ಕನೂ ಇಲ್ಲ.

ಮೊಮ್ಮಗಳು ಎಣ್ಣೆಗೈಯಲ್ಲೇ ನಮ್ಮ ಈಗಿನ ಬೆಕ್ಕನ್ನು ಎತ್ತಿಕೊಳ್ಳಲು ಹೋದಳು. ತಡೆದು, ಕೈ ತೊಳೆಸಿ, ಇಷ್ಟನ್ನೂ ಹೇಳಿದೆ. ಕೇಳಿಸಿಕೊಂಡು, "ಸತ್ತುಹೋಯ್ತಲ್ಲ ಅವರ ಬೆಕ್ಕು, ಅದು ಯಾವ ಬಣ್ಣ ಅಜ್ಜಿ?" ಎಂದಳು.

ಗೊತ್ತಿಲ್ಲ. ಅಷ್ಟು ವರ್ಷ ಪಕ್ಕದಲ್ಲಿದ್ದರೂ ನಾನು ಕೇಳಿರಲೇ ಇಲ್ಲ.