ಗಾಜಿನಕ್ಕ ‘ಇಲ್ಲ’ ಅಂದ ದಿನ

ಗಾಜಿನ ಅಂಗಡಿಯಾಕೆಯನ್ನು ಬೀದಿಯವರೆಲ್ಲ ಗಾಜಿನಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಗಾಜು ಕೊಯ್ಯುವ ಮೊನೆ ಕೈಯಲ್ಲಿ ಹಿಡಿದು ನಿಂತವಳನ್ನು ತಂಗಿ ಎನ್ನುವ ಧೈರ್ಯ ಯಾರಿಗಿತ್ತು? ಅಳತೆಯ ವಿಷಯದಲ್ಲಿ ಅವಳು ಯಾರನ್ನೂ ನಂಬುವವಳಲ್ಲ. ಗಿರಾಕಿ ಬರೆದು ತಂದ ಅಳತೆಯ ಚೀಟಿಯನ್ನು ಮರ್ಯಾದೆಯಿಂದ ಓದಿ, ಮಡಚಿ, ಅದೇ ಚೀಟಿಯಿಂದ ಮೇಜಿನ ಮೇಲಿನ ಗಾಜಿನ ಪುಡಿ ಒರೆಸಿ, “ನಾಳೆ ಬಂದು ನಾನೇ ಅಳೀತೀನಿ” ಎನ್ನುತ್ತಿದ್ದಳು. ಸಿಟ್ಟು ಮಾಡಿಕೊಂಡವರೂ ಕೊನೆಗೆ ಅವಳಲ್ಲಿಗೇ ಬರುತ್ತಿದ್ದರು. ಅವಳು ಕೂರಿಸಿದ ಕಿಟಕಿ ಗಾಳಿಗೆ ಗಡಗಡ ಎನ್ನುತ್ತಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷದಿಂದ ಅಂಗಡಿ ಅವಳದ್ದೇ. ಹೊರುವ ಕೆಲಸಕ್ಕೆ ಜೊತೆ ಮೈದುನ. ಆಳೆತ್ತರದ ಗಾಜಿಗೆ ಮುಂದಿನ ತುದಿ ಅವಳು, ಹಿಂದಿನ ತುದಿ ಅವನು. ಎತ್ತುವ ಮುಂಚೆ ಇಬ್ಬರ ನಡುವೆ ಒಂದು ಕಟ್ಟುಪಾಡು ಇತ್ತು. ಅವನು “ಇದ್ದೀರಾ?” ಎನ್ನಬೇಕು, ಅವಳು “ಇದ್ದೀನಿ” ಎನ್ನಬೇಕು. ಆಮೇಲೆ ಅವಳು ಕೇಳಬೇಕು, ಅವನು ಹೇಳಬೇಕು. ಮೂಗು ತುರಿಸುತ್ತಿದ್ದರೆ, ಕಾಲಿಗೆ ಇರುವೆ ಹತ್ತಿದ್ದರೆ, ಮನೆಯಲ್ಲಿ ಜಗಳವಾಡಿ ಮನಸ್ಸು ಅಲ್ಲೇ ಉಳಿದಿದ್ದರೆ “ಇಲ್ಲ” ಅನ್ನಬೇಕು. ‘ಇಲ್ಲ’ ಅಂದವರನ್ನು ಬೈಯುವ ಹಾಗಿಲ್ಲ. ಒಮ್ಮೆ ಸೀನು ಮೂಗಿನ ತುದಿಗೆ ಬಂದು ನಿಂತು, ಮೈದುನ ಕಾಲು ಗಂಟೆ “ಇಲ್ಲ, ಇನ್ನೂ ಇಲ್ಲ” ಎನ್ನುತ್ತ ಬಾಯಿ ತೆರೆದುಕೊಂಡೇ ಇದ್ದ. ಅವಳು ತುಟಿ ಪಿಟಕ್ಕೆನ್ನದೆ ಕಾದಿದ್ದಳು. ಇಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಗಾಜೂ ಒಡೆದಿರಲಿಲ್ಲ. ಇದನ್ನು ಮೈದುನ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವಳು ಒಂದು ಸಲವೂ ಹೇಳಿದ್ದಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅವಳು ಹಾಸಿಗೆಯಿಂದ ಎದ್ದು ನಿಂತಳು. ಗೋಡೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ಕಿಟಕಿಯ ಬೆಳಕು ಮಸಿ ಬಳಿದಂತೆ ಕಪ್ಪಾಯಿತು, ಕಿವಿ ಗುಯ್ ಎಂದಿತು. ಸರಳು ಹಿಡಿದುಕೊಂಡು, ಅಭ್ಯಾಸಬಲದಿಂದ, ಎಣಿಸಿದಳು. ಆರಕ್ಕೆ ಬೆಳಕು ವಾಪಸು ಬಂತು. ಮರುದಿನ ಎಂಟಕ್ಕೆ. ವಾರ ಕಳೆಯುವಷ್ಟರಲ್ಲಿ ಹನ್ನೊಂದಕ್ಕೆ ಹೋಯಿತು.

ತಪ್ಪು ತನ್ನದಿರಬಹುದು ಎಂದು ಒಪ್ಪುವ ಮುಂಚೆ ಅವಳು ಉಳಿದವರನ್ನೆಲ್ಲ ವಿಚಾರಿಸಿಕೊಂಡಳು. ಮೊದಲು ಮಂಚ, ಅದರ ದಿಕ್ಕು ಬದಲಾಯಿಸಿದಳು. ಆಮೇಲೆ ದಿಂಬು, ಅದನ್ನು ಅಟ್ಟಕ್ಕೆಸೆದಳು. ಕೊನೆಗೆ ಕನ್ನಡಕದ ಅಂಗಡಿಗೆ ಹೋಗಿ, “ನೀನು ಹಾಕಿಕೊಟ್ಟ ಗಾಜು ಸರಿಯಿಲ್ಲ, ಬೆಳಿಗ್ಗೆ ಏಳುವಾಗ ತಲೆ ಸುತ್ತುತ್ತೆ” ಎಂದು ದಬಾಯಿಸಿದಳು.

“ಏಳುವಾಗ ಕನ್ನಡಕ ಹಾಕ್ಕೊಂಡಿರ್ತೀರಾ ಅಕ್ಕ?”

“ಇಲ್ಲ.”

“ಮತ್ತೆ?”

“ಮತ್ತೇನು ಮತ್ತೆ! ನಿನ್ನೆ ಹಾಕ್ಕೊಂಡಿದ್ದು ಇವತ್ತು ಸುತ್ತಬಾರದು ಅಂತ ಎಲ್ಲಾದ್ರೂ ಬರೆದಿದೆಯಾ?”

ಮೈದುನನಿಗೆ ಮಾತ್ರ ಸುಳಿವು ಕೊಡಲಿಲ್ಲ. ಹೇಳಿದರೆ ಮುಂದಿನ ತುದಿಗೆ ಬೇರೆ ಯಾರನ್ನೋ ತಂದು, ತನ್ನನ್ನು ಗಲ್ಲಾಪೆಟ್ಟಿಗೆ ಮುಂದೆ ಗೊಂಬೆಯ ಹಾಗೆ ಕೂರಿಸುತ್ತಾನೆ. ಗಾಜು ಹೊರದ ಗಾಜಿನಕ್ಕ ಅಂದರೆ ಏನು? ಬರೀ ಅಕ್ಕ. ಅದೂ ಅಲ್ಲದೆ ಕೆಲಸಕ್ಕೆ ಹೊರಡುವ ಹೊತ್ತಿಗೆ ತಲೆ ತಿಳಿಯಾಗಿರುತ್ತಿತ್ತು. ಏಳುವಾಗ ತಾನೇ ಬರುವುದು, ಎತ್ತುವಾಗ ಅಲ್ಲವಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಮೂರು ವಾರ “ಇದ್ದೀನಿ” ಎನ್ನುತ್ತ ಬಂದಳು.

ನಾಲ್ಕನೆಯ ವಾರ ಒಂದು ಹೊಸ ಕಟ್ಟಡದ ಕೆಲಸ. ಮೂರನೆಯ ಮಹಡಿಯ ಮೆಟ್ಟಿಲ ಬಳಿ ದೊಡ್ಡ ಕಿಟಕಿ, ಅದಕ್ಕೆ ಅವಳಿಗಿಂತ ಒಂದು ಗೇಣು ಎತ್ತರದ ಗಾಜು. ಮೆಟ್ಟಿಲಿಗೆ ಇನ್ನೂ ಕಂಬಿ ಕೂತಿರಲಿಲ್ಲ. ಮೇಲೆ ಹತ್ತುವಾಗ ಮುಂದಿನವರ ಕಾಲು ತಪ್ಪಿದರೆ ಇಡೀ ಗಾಜು ಹಿಂದಿನವನ ಕುತ್ತಿಗೆಗೇ. ಅವಳು ಮೊದಲ ಮೆಟ್ಟಿಲಲ್ಲಿ ಕೂತು ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡಳು, ಎದ್ದು ನಿಂತಳು. ಮೆಟ್ಟಿಲುಗಳು ಒಂದರೊಳಗೊಂದು ಮಡಚಿಕೊಂಡವು. ಗೋಡೆಗೆ ಅಂಗೈ ಊರಿದಳು. ಒಂದು, ಎರಡು... ಹದಿನಾಲ್ಕಕ್ಕೆ ಮೈದುನನ ಮುಖ ಕಾಣಿಸಿತು. ಅವನು ಹಿಂದಿನ ತುದಿ ಹಿಡಿದು ಸಿದ್ಧನಾಗಿದ್ದ.

“ಇದ್ದೀರಾ ಅತ್ತಿಗೆ?”

ಈಗ ಕಣ್ಣು ಸ್ವಚ್ಛವಾಗಿತ್ತು. ಕಾಲೂ ಗಟ್ಟಿಯಾಗಿತ್ತು. ‘ಇದ್ದೀನಿ’ ಅಂದುಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಇಲ್ಲ” ಅಂದಳು.

ಅವನು ಕಾದ. ಪಕ್ಕದಲ್ಲಿ ನಿಂತಿದ್ದ ಕಟ್ಟಡದ ಕಂಟ್ರಾಕ್ಟರ್ ಕಾಯುವ ಪೈಕಿಯವನಲ್ಲ. “ಏನಕ್ಕ, ಒಳ್ಳೆ ಗಳಿಗೆ ನೋಡ್ತಿದ್ದೀರಾ?” ಎಂದ.

“ಸೀನಾ ಅತ್ತಿಗೆ?” ಎಂದು ಮೈದುನ ನಕ್ಕ.

“ಸೀನಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತೆ. ದಿನಾ ಬೆಳಿಗ್ಗೆ. ಮೂರು ವಾರ ಆಯ್ತು. ಇವತ್ತು ಇಲ್ಲೂ ಬಂತು.”

ಮೈದುನನ ನಗು ಅರ್ಧಕ್ಕೇ ನಿಂತಿತು. “ಮೂರು ವಾರದಿಂದ ನನ್ನ ಜೊತೆ ಗಾಜು ಹೊತ್ತಿದ್ದೀರಿ.”

“ಹೌದು.”

“ದಿನಾ ‘ಇದ್ದೀನಿ’ ಅಂದಿದ್ದೀರಿ.”

“ಹೌದು. ತಪ್ಪು ನಂದೇ. ನೀನು ಕೆಳಗಿರ್ತೀಯ, ಅದಕ್ಕೇ ಇವತ್ತು ಹಾಗೆ ಅನ್ನೋಕೆ ಆಗಲಿಲ್ಲ.”

ಹದಿನೆಂಟು ವರ್ಷದಲ್ಲಿ ಅತ್ತಿಗೆಯ ಬಾಯಿಂದ ‘ತಪ್ಪು ನಂದೇ’ ಎಂಬ ಮಾತು ಅವನು ಕೇಳಿರಲಿಲ್ಲ. ಬೈಯಲು ಒಟ್ಟು ಹಾಕಿಕೊಂಡಿದ್ದ ಮಾತೆಲ್ಲ ಅಲ್ಲೇ ಬಿಟ್ಟ. ಗಾಜನ್ನು ಗೋಡೆಗೊರಗಿಸಿ, ಹಗ್ಗ ಕಟ್ಟಿ, ಅವಳನ್ನು ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದ.

ಡಾಕ್ಟರಮ್ಮ ಮಲಗಿಸಿ ಒಮ್ಮೆ, ನಿಲ್ಲಿಸಿ ಎರಡು ಸಲ ಬಿಪಿ ನೋಡಿದರು. ಒಂದೇ ಅಳತೆಯನ್ನು ಮೂರು ಸಲ ನೋಡುವವರು! ಗಾಜಿನಕ್ಕನಿಗೆ ಆಕೆಯ ಮೇಲೆ ಅಲ್ಲೇ ಗೌರವ ಹುಟ್ಟಿತು.

“ನಿಂತ ತಕ್ಷಣ ಬಿಪಿ ಇಳೀತಿದೆ. ನೀರು ಎಷ್ಟು ಕುಡೀತೀರಿ?”

“ಸಂಜೆ ಮನೆಗೆ ಬಂದ ಮೇಲೆ ಒಂದು ಲೋಟ.”

“ಬೆಳಿಗ್ಗೆ? ಮಧ್ಯಾಹ್ನ?”

“ಕೆಲಸ ಇರೋ ದಿನ ಕುಡಿಯಲ್ಲ.”

“ಯಾಕೆ?”

ಅವಳು ಮೈದುನನ ಕಡೆ ನೋಡಿದಳು. ಅವನಿಗೆ ಹೊರಗೆ ಹೋಗಬೇಕು ಎಂದು ಹೊಳೆಯಲಿಲ್ಲ. ಅಂಥ ಸೂಕ್ಷ್ಮ ಹೊಳೆಯುವ ಜಾಯಮಾನವೇ ಅವನದ್ದಲ್ಲ. ಕೊನೆಗೆ ಗೋಡೆಗೆ ಹೇಳುವವಳಂತೆ ಹೇಳಿದಳು. “ನಾವು ಹೋಗೋದು ಇನ್ನೂ ಕಟ್ತಾ ಇರೋ ಮನೆಗಳಿಗೆ. ಕಿಟಕಿಗೆ ಗಾಜು ಬರೋ ಹೊತ್ತಿಗೂ ಅಲ್ಲಿ ಬಚ್ಚಲಿಗೆ ಬಾಗಿಲು ಬಂದಿರಲ್ಲ. ಗಂಡಸರು ಗೋಡೆ ಹಿಂದೆ ಹೋಗ್ತಾರೆ. ನಾನೆಲ್ಲಿ ಹೋಗ್ಲಿ? ಕುಡಿಯದಿದ್ರೆ ಆ ರಗಳೆನೇ ಇಲ್ಲ.”

“ಎಷ್ಟು ವರ್ಷದಿಂದ?”

“ಹೊರೋಕೆ ಶುರು ಮಾಡಿದಾಗಿಂದ. ವಯಸ್ಸಲ್ಲಿ ತಡ್ಕೊಳ್ತಿತ್ತು.”

ಮೈದುನ ನೆಲ ನೋಡುತ್ತಿದ್ದ. ಪ್ರತಿ ಕಟ್ಟಡದಲ್ಲೂ ಹನ್ನೊಂದು ಗಂಟೆಗೆ ಇಬ್ಬರಿಗೂ ಚಹಾ ಬರುತ್ತಿತ್ತು. ಪ್ರತಿ ಸಲವೂ ಅವಳು, “ನಂಗೆ ಸೇರಲ್ಲ, ನೀನೇ ಕುಡಿ” ಎನ್ನುತ್ತಿದ್ದಳು. ಹದಿನೆಂಟು ವರ್ಷ ಅವನು ಎರಡೆರಡು ಲೋಟ ಖುಷಿಯಿಂದ ಇಳಿಸಿದ್ದ. ಯಾಕೆ ಸೇರಲ್ಲ ಎಂದು ಒಂದು ದಿನವೂ ಕೇಳಿರಲಿಲ್ಲ.

ಡಾಕ್ಟರಮ್ಮ ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ದಿನವಿಡೀ ನೀರು ಕುಡಿಯಬೇಕು, ಎದ್ದ ಕೂಡಲೇ ನಿಲ್ಲದೆ ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಬೇಕು, ಎರಡು ವಾರ ಭಾರ ಎತ್ತಬಾರದು, ಆಮೇಲೆ ಬಂದು ತೋರಿಸಬೇಕು ಎಂದರು.

ಆ ಎರಡು ವಾರ ಗಿರಾಕಿಗಳ ಪಾಲಿಗೆ ಕಷ್ಟದ ಕಾಲ. ಕೂತಲ್ಲೇ ಕೂತ ಗಾಜಿನಕ್ಕ ಕಂಡವರಲ್ಲೆಲ್ಲ ಕೊಂಕು ತೆಗೆದಳು. ಕಂಟ್ರಾಕ್ಟರ್ ಎರಡು ಸಲ ಬಂದು, “ಬೇರೆ ಇಬ್ಬರನ್ನ ಕರೆಸ್ತೀನಿ” ಎಂದು ಹೆದರಿಸಿದ. ಮೈದುನ, “ಕರೆಸಿ, ಆಮೇಲೆ ಚೂರು ಆರಿಸೋಕೆ ಇನ್ನಿಬ್ಬರನ್ನೂ ಕರೆಸಿ” ಎಂದು ಸಾಗಹಾಕಿದ. ಅವಳಿಲ್ಲದ ಮುಂದಿನ ತುದಿಗೆ ಅವನು ಹಿಂದಿನ ತುದಿಯಾಗಲು ಒಪ್ಪಲಿಲ್ಲ.

ಪರೀಕ್ಷೆಯಲ್ಲಿ ಬೇರೇನೂ ಸಿಗಲಿಲ್ಲ. ಬೆಳಗಿನ ಎಣಿಕೆ ಹದಿನಾಲ್ಕರಿಂದ ಐದಕ್ಕೆ, ಐದರಿಂದ ಎರಡಕ್ಕೆ ಇಳಿದು, ಒಂದು ದಿನ ಎಣಿಸುವುದೇ ಮರೆತುಹೋಯಿತು. ಡಾಕ್ಟರಮ್ಮ ಮತ್ತೆ ಮೂರು ಸಲ ಅಳೆದು ಹೂಂ ಅಂದರು.

ಮರುದಿನ ಕಟ್ಟಡಕ್ಕೆ ಹೋದರೆ ಕೆಳಗಿನ ಬಚ್ಚಲಿಗೆ ಬಾಗಿಲು! ಹಲಗೆ ಹಳೆಯದು, ಕೀಲು ಎರಡು ಬಣ್ಣದ್ದು, ಒಳಗಡೆ ಚಿಲಕ ಮಾತ್ರ ಹೊಚ್ಚ ಹೊಸದು. ಕಂಟ್ರಾಕ್ಟರ್ ಉರಿಯುತ್ತಿದ್ದ. “ಬಾಗಿಲು ಕೊನೆಗೆ ಹಾಕೋದು ಕಣಯ್ಯ. ನಿನಗ್ಯಾರು ಹೇಳಿದ್ದು?”

“ಇನ್ಮೇಲೆ ನಮ್ಮ ಗಾಜು ಬರೋ ಕಡೆ ಇದು ಮೊದಲು” ಎಂದ ಮೈದುನ. “ಬೇಡ ಅಂದ್ರೆ ಕಿಟಕಿಗೆ ಗೋಣಿಚೀಲ ಕಟ್ಕೊಳ್ಳಿ.”

ಗಾಜಿನಕ್ಕ ಬಾಗಿಲಿನ ಮುಂದೆ ಕೂತು, ತೆರೆದು, ಮುಚ್ಚಿ ನೋಡಿದಳು. “ಕಾಲು ಇಂಚು ಓರೆ ಇದೆ” ಎಂದಳು. ಇದಕ್ಕಿಂತ ದೊಡ್ಡ ಮೆಚ್ಚುಗೆ ಅವಳ ಬಳಿ ಇರಲಿಲ್ಲ ಎಂದು ಮೈದುನನಿಗೆ ಗೊತ್ತಿತ್ತು.

ಹನ್ನೊಂದಕ್ಕೆ ಚಹಾ ಬಂತು. ಅವಳು ತನ್ನ ಲೋಟ ತಾನೇ ತೆಗೆದುಕೊಂಡು ಕೊನೆಯ ಹನಿಯವರೆಗೂ ಕುಡಿದಳು. ಮೈದುನ ಆ ಲೋಟ ಖಾಲಿಯಾಗುವುದನ್ನು, ಹೊರಟು ನಿಂತ ನೆಂಟನನ್ನು ನೋಡುವ ಹಾಗೆ, ನೋಡುತ್ತಿದ್ದ.

ಆದರೂ ಗಾಜು ಎತ್ತಲು ತಡವಾಯಿತು. ಇಟ್ಟಿಗೆ ಹೊರುತ್ತಿದ್ದ ಹೆಂಗಸರು, ಗಾರೆ ಕಲಸುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು, ಒಬ್ಬೊಬ್ಬರಾಗಿ ಬಂದು ಆ ಬಾಗಿಲ ಮುಂದೆ ಸಾಲು ನಿಂತಿದ್ದರು. ಗಾಜಿನಕ್ಕನ ಸರದಿ ಐದನೆಯದು. ಕಂಟ್ರಾಕ್ಟರ್ ಗಡಿಯಾರ ನೋಡಿದ. ಮೈದುನ ಅವನಿಗೊಂದು ಬೀಡಿ ಕೊಟ್ಟು ಕೂರಿಸಿದ.

ಸರದಿ ಮುಗಿಸಿ ಬಂದವಳು ಕೈಗೆ ಬಟ್ಟೆ ಸುತ್ತಿ, ಮೆಲ್ಲಗೆ ಎದ್ದು, ಒಂದು ಉಸಿರು ನಿಂತಳು. ಗೋಡೆ ಇದ್ದಲ್ಲೇ ಇತ್ತು.

“ಇದ್ದೀರಾ ಅತ್ತಿಗೆ?”

“ಇದ್ದೀನಿ. ನೀನು?”

“ತಡೀರಿ” ಎಂದು ಮೈದುನ ಮೂಗು ಒರೆಸಿಕೊಂಡ. ಕಣ್ಣೂ ಒರೆಸಿಕೊಂಡ. ಅವಳು ಯಾಕೆಂದು ಕೇಳದೆ ಕಾದಳು.

“ಇದ್ದೀನಿ.”

ಗಾಜು ಮೇಲೇರಿತು.