ಹಾಳುಮನೆಯ ಬೀಸುಕಲ್ಲು

ಐರ್ಲೆಂಡಿನ ಹಳ್ಳಿಹಳ್ಳಿ ಸುತ್ತಿದವನು ನಾನು! ಸುಳ್ಳು. ನಾನು ಕಂಡ ಐರ್ಲೆಂಡ್ ಎಂದರೆ ನಮ್ಮ ಮಸ್ಕತ್ ಆಫೀಸಿನ ಒಬ್ಬ ಐರಿಷ್ ಎಂಜಿನಿಯರ್ ಮಾತ್ರ.

ಅವನೊಡನೆ ಕಾರಿನಲ್ಲಿ ಒಮಾನಿನ ಹಳೇ ಪಟ್ಟಣ ನಿಜ್ವಾಕ್ಕೆ ಹೋಗುವಾಗ ಹಾಳುಬಿದ್ದ ಮಣ್ಣಿನ ಮನೆಯೊಂದರಲ್ಲಿ ಬೀಸುಕಲ್ಲು ಕಂಡಿತು. ಹೆಂಡತಿಗೆ ಚಕ್ಕುಲಿ ಹಿಟ್ಟು ಬೀಸಲಿಕ್ಕಾಯಿತೆಂದು ಕಾರಿಗೆ ಹೇರಿದೆ. ಅವನು ಕೆಂಡವಾದ.

"ವಾಪಸ್ ಇಡು! ಹಿಂದೊಮ್ಮೆ ಬರಗಾಲದಲ್ಲಿ ನಮ್ಮೂರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುವಾಗ ಧಣಿಗಳು ಧಾನ್ಯವನ್ನು ಹೊರದೇಶಕ್ಕೆ ಮಾರಲು ಹಡಗಿಗೆ ತುಂಬಿಸಿದರು. ಬದುಕಿದವರು ಊರು ಬಿಟ್ಟರು. ಅವರ ಮನೆಗಳಿಗೆ ಇವತ್ತಿಗೂ ಸೂರಿಲ್ಲ, ಆದರೆ ಒಂದು ಕಲ್ಲನ್ನೂ ಯಾರೂ ಮುಟ್ಟಿಲ್ಲ!"

"ಇದು ಒಮಾನ್ ಮಾರಾಯಾ! ಈ ಮನೆಯವರು ಪಕ್ಕದಲ್ಲೇ ಎಸಿ ಮನೆ ಕಟ್ಟಿಕೊಂಡಿದ್ದಾರೆ."

"ಹಾಗಾದರೆ ಹೋಗಿ ಕೇಳು."

ಕೇಳುವ ಧೈರ್ಯವಾಗಲಿಲ್ಲ. ಸುಡುಬಿಸಿಲಲ್ಲಿ ನಾನೊಬ್ಬನೇ ಹೊತ್ತು ಇಟ್ಟುಬಂದೆ. ಆ ಪುಣ್ಯಾತ್ಮ ಒಂದು ಬೆರಳೂ ತಾಗಿಸಲಿಲ್ಲ! ಎಂಥ ಊರಿನವನಪ್ಪಾ!

ಅಂದು ಹಿಡಿದ ಸೊಂಟ ಬಿಟ್ಟಿಲ್ಲ, ಕೈ ಇನ್ನೂ ಜೇಬಿನವರೆಗೆ ಹೋಗುತ್ತಿಲ್ಲ. ಈಗ ಕುಡಿದ ಚಹಾದ ದುಡ್ಡು ನೀವೇ ಕೊಟ್ಟುಬಿಡಿ ಮಾರಾಯ್ರೇ.